ರಕ್ತವಿಲ್ಲದ ಜಾಗ

ಸೋಮವಾರ, ಇಳಿಹೊತ್ತು
ಪ್ರಯೋಗಾಲಯದ ನನ್ನ ಕೋಣೆಯಿಂದ

ಮುದ್ದಿನ ಮೊಂಡಿಗೆ,

ಅಕ್ಕನ ಅಪ್ಪುಗೆ. ನಿನ್ನ ಮಗಳು ಚಿಟಿಕೆಯ ಬ್ಯಾಂಡೇಜಿಲ್ಲದ ಕೈಗೆ ಒಂದು ಮುತ್ತು, ಬ್ಯಾಂಡೇಜು ಕಟ್ಟಿದ ಕೈಗೆ ಗಾಳಿಯಲ್ಲೇ ಇನ್ನೊಂದು.

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಒಪ್ಪಿಗೆ ಕಾಗದಕ್ಕೆ ಸಹಿ ಹಾಕ್ಲಾ ಬೇಡ್ವಾ? ಅದೊಂದು ಹೇಳ್ಬಿಡು." ನಾನು ಮಗು ಮಲಗಿತಾ, ಜ್ವರ ಇದೆಯಾ, ಆಸ್ಪತ್ರೆಯ ಕ್ಯಾಂಟೀನು ಹೇಗಿದೆ ಎಂದೆಲ್ಲ ಕೇಳಿ, ಕೊನೆಗೆ ಮೀಟಿಂಗ್ ಇದೆ ಎಂದು ಫೋನಿಟ್ಟೆ. ಭಾನುವಾರ ಎಂಥ ಮೀಟಿಂಗೇ ನಿಂದು ಎಂದು ನೀನು ಕೇಳಲಿಲ್ಲ. ನನ್ನ ಸುಳ್ಳನ್ನು ಬಾಯಿಂದ ಹೊರಬೀಳುವ ಮೊದಲೇ ಹಿಡಿಯುವವಳು ನೀನು. ನೀನು ಹಿಡಿಯದೆ ಬಿಟ್ಟಾಗಲೇ ಎಷ್ಟು ಹೆದರಿದ್ದೀಯ ಎಂದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನಿನ್ನ ಭಾವ ಬರುವಾಗ ಇದನ್ನು ತಂದುಕೊಡುತ್ತಾರೆ. ಅವರಿಗೂ ಓದಲು ಕೊಟ್ಟಿಲ್ಲ.

ಮೊದಲು ನಿಮ್ಮ ಡಾಕ್ಟರು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಗಾಜಿನ ಬಾಗಿಲು ಒಡೆದಾಗ ಚಿಟಿಕೆಯ ಮಣಿಕಟ್ಟಿನ ನರ ತುಂಡಾಗಿದೆ. ಎರಡು ತುದಿಗಳ ನಡುವೆ ಸ್ವಲ್ಪ ಅಂತರ ಬಿದ್ದಿದೆ. ಕಿರುಬೆರಳು, ಉಂಗುರದ ಬೆರಳು ಎರಡಕ್ಕೂ ಸ್ಪರ್ಶ ಗೊತ್ತಾಗುತ್ತಿಲ್ಲ. ಗುರುವಾರ ಅದನ್ನು ಜೋಡಿಸಬೇಕು, ತಡಮಾಡುವಂತಿಲ್ಲ. ಹಳೆಯ ವಿಧಾನದಲ್ಲಿ ಕಾಲಿನಿಂದ ಒಂದು ತುಂಡು ನರ ತೆಗೆದು ಕೈಗೆ ಹೊಲಿಯುತ್ತಾರೆ. ಕಾಲಿನಲ್ಲೊಂದು ಗಾಯ, ಪಾದದ ಅಂಚಿನಲ್ಲಿ ಮರಗಟ್ಟಿದ ಒಂದು ಜಾಗ ಉಳಿಯುತ್ತದೆ. ಬೆರಳುಗಳು ಪೂರ್ತಿ ಸರಿಹೋಗುತ್ತವೆ ಎಂಬ ಭರವಸೆ ಇಲ್ಲ. ಹೊಸ ವಿಧಾನದಲ್ಲಿ ಕಾಲನ್ನು ಮುಟ್ಟುವುದೇ ಬೇಡ, ಆ ಅಂತರಕ್ಕೆ ಜೆಲ್ಲಿನಂಥ ಒಂದು ಲೋಳೆಯನ್ನು ತುಂಬುತ್ತಾರೆ. ಆ ಲೋಳೆ ನನ್ನದು.

"ನಿಮ್ಮ ಅಕ್ಕಾನೇ ಕಂಡುಹಿಡಿದದ್ದು, ಇನ್ನೇನಮ್ಮ ಭಯ?" ಎಂದು ಡಾಕ್ಟರು ನಿನಗೆ ಅಂದರಂತೆ. ಭಯ ಶುರುವಾಗುವುದೇ ಅಲ್ಲಿಂದ ಕಣೇ.

ನಾನು ಅದನ್ನು ಮಾಡಿದ್ದು ಕಣ್ಣಿಗೆ. ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಪೊರೆ ಇದೆಯಲ್ಲ, ಅದಕ್ಕೆ ಗಾಯವಾದರೆ ಹೊಲಿಗೆ ಹಾಕದೆ ಮುಚ್ಚಲು. ಆ ಪೊರೆಯಲ್ಲಿ ರಕ್ತನಾಳಗಳಿಲ್ಲ. ರಕ್ತ ಹರಿಯದ ಜಾಗ ಅದು, ಅದಕ್ಕೇ ಅಷ್ಟು ತಿಳಿ. ನನ್ನ ಕೆಲಸದ ಅತ್ಯುತ್ತಮ ವರ್ಷಗಳೆಲ್ಲ ಆ ತಿಳಿಯಾದ ಜಾಗದಲ್ಲೇ ಕಳೆದವು. ಮೊದಲ ಪ್ರಬಂಧದ ಕೊನೆಯಲ್ಲಿ ಒಂದು ವಾಕ್ಯ ಬರೆದಿದ್ದೆ: ರಕ್ತದ ಸಂಪರ್ಕದಲ್ಲಿ ಇದು ಹೇಗೆ ವರ್ತಿಸುತ್ತದೆಂಬುದನ್ನು ನಾವು ಪರೀಕ್ಷಿಸಿಲ್ಲ. ಬರೆದು, ಅಡಿಗೆರೆಯನ್ನೂ ಹಾಕಿದ್ದೆ. ಅಚ್ಚಿಗೆ ಹೋಗುವಾಗ ಗೆರೆ ತೆಗೆದರು, ವಾಕ್ಯ ಉಳಿಯಿತು.

ಆಮೇಲೆ ಅದು ಹೊರಟಿತು. ಮೂಳೆಯವರು ತೆಗೆದುಕೊಂಡರು. ಅವರಿಂದ ಹಲ್ಲಿನವರು, ಹಲ್ಲಿನವರಿಂದ ಸುಟ್ಟ ಚರ್ಮಕ್ಕೆ ಚಿಕಿತ್ಸೆ ಕೊಡುವವರು, ಈಗ ನರದವರು. ಸರಕಾರದ ಒಪ್ಪಿಗೆ ಇರುವುದು ಕಣ್ಣಿಗೆ ಮಾತ್ರ, ಉಳಿದದ್ದೆಲ್ಲ ಆಯಾ ಡಾಕ್ಟರರ ವಿವೇಚನೆ. ಒಬ್ಬ ವಿಜ್ಞಾನಿಯ ಕೆಲಸ ಇಷ್ಟು ಕ್ಷೇತ್ರಗಳಲ್ಲಿ ಬೇರು ಬಿಟ್ಟದ್ದು ಅಪರೂಪ ಎಂದು ನನಗೆ ಶಾಲು ಹೊದಿಸಿದರು. ಪೇಪರಿನಲ್ಲಿ ಬಂದ ಫೋಟೋಗೆ ನೀನು ಕಟ್ಟು ಹಾಕಿಸಿದೆ. ನಮ್ಮ ನಿರ್ದೇಶಕರಂತೂ ಎದುರಾದಾಗಲೆಲ್ಲ, "ನಿಮ್ಮ ಒಂದು ಪ್ರಬಂಧ ನಮ್ಮ ಸಂಸ್ಥೆಯ ಮಾನ ಕಾಪಾಡ್ತಿದೆ ಮೇಡಂ, ಇನ್ನೊಂದು ಹಡೀರಿ" ಎನ್ನುತ್ತಾರೆ. ನಮ್ಮಲ್ಲಿ ಒಂದು ಪ್ರಬಂಧ ಎಷ್ಟು ದೊಡ್ಡದು ಎಂಬುದನ್ನು ಎಷ್ಟು ಜನ ಅದನ್ನು ಉಲ್ಲೇಖಿಸಿದರು ಎಂಬುದರಿಂದ ಅಳೆಯುತ್ತಾರೆ. ಎಣಿಸಲು ಎಲ್ಲರಿಗೂ ಪುರುಸೊತ್ತಿದೆ, ಓದಲು ಇಲ್ಲ.

ನಿನ್ನ ಫೋನ್ ಬಂದ ಮೇಲೆ ನಾನು ಓದಲು ಕೂತೆ. ರಕ್ತದ ವಿಷಯವನ್ನು ಇಷ್ಟರಲ್ಲಿ ಯಾರಾದರೂ ಪರೀಕ್ಷಿಸಿರಲೇಬೇಕು, ಅದೊಂದು ಸಿಕ್ಕಿದರೆ ಸಾಕು, ನಿನಗೆ ಧೈರ್ಯವಾಗಿ ಹೂಂ ಅನ್ನಬಹುದು ಎಂದುಕೊಂಡೆ. ನರದವರ ಪ್ರಬಂಧ ತೆಗೆದೆ. "ಸುರಕ್ಷಿತವೆಂದು ಹಲವು ಕ್ಷೇತ್ರಗಳಲ್ಲಿ ಸಾಬೀತಾಗಿದೆ" ಎಂದಿತ್ತು. ಸಾಕ್ಷಿಗೆ ಚರ್ಮದವರನ್ನೂ ಹಲ್ಲಿನವರನ್ನೂ ತೋರಿಸಿದ್ದರು. ಚರ್ಮದವರ ಹತ್ತಿರ ಹೋದೆ, ಅವರು ಹಲ್ಲಿನವರತ್ತ ಕೈ ತೋರಿಸಿದರು. ಹಲ್ಲಿನವರು ಮೂಳೆಯವರತ್ತ. ಮೂಳೆಯವರು, ಇದು ಸುರಕ್ಷಿತ ಎಂಬುದು ಆಗಲೇ ಸಿದ್ಧವಾಗಿದೆ ಎಂದು ಬರೆದು, ಪಕ್ಕದಲ್ಲಿ ನನ್ನ ಹೆಸರು ಹಾಕಿದ್ದರು.

ನನ್ನ ಹೆಸರು ಕಂಡಾಗ ಒಂದು ಕ್ಷಣ ನನಗೇ ಅನುಮಾನ ಬಂತು. ಹೇಳಿದ್ದೆನೇನೋ ಅಂತ. ಹಳೆಯ ಪ್ರಬಂಧ ತೆಗೆದು ಓದಿದೆ. ಪರೀಕ್ಷಿಸಿಲ್ಲ ಎಂದೇ ಇದೆ. ನೋಡು, ಒಂದು ದೊಡ್ಡ ಮನೆ ತುಂಬ ಜನ, ಎಲ್ಲರೂ ಒಬ್ಬರ ಭುಜಕ್ಕೆ ಒಬ್ಬರು ಒರಗಿ ನೆಮ್ಮದಿಯಾಗಿ ನಿಂತಿದ್ದಾರೆ. ಕೊನೆಯಲ್ಲಿ ಗೋಡೆ ಇದೆ ಎಂದು ಎಲ್ಲರ ನಂಬಿಕೆ. ಅಲ್ಲಿ ಗೋಡೆ ಇಲ್ಲ ಕಣೇ. ಅಲ್ಲಿ ನಾನು ನಿಂತಿದ್ದೇನೆ, ನನ್ನ ಬೆನ್ನಿಗೆ ಏನೂ ಇಲ್ಲ.

ಇವತ್ತು ಬೆಳಿಗ್ಗೆ ರಕ್ತದ ವಿಭಾಗದ ನನ್ನ ಗೆಳತಿಯ ಬಾಗಿಲು ತಟ್ಟಿದೆ. ಜೋರು ಬಾಯಿಯ ಹೆಂಗಸು. "ಏನಮ್ಮಾ ಕಣ್ಣಿನ ಮಹಾರಾಣಿ, ರಕ್ತದವರ ಮನೆಗೆ ದಾರಿ ಹೇಗೆ ಗೊತ್ತಾಯ್ತು?" ಎಂದು ನಕ್ಕಳು. ವಿಷಯ ಹೇಳಿದ ಮೇಲೆ ನಗಲಿಲ್ಲ. ತಾನಾಗಿ ಹೆಪ್ಪುಗಟ್ಟದಂತೆ ಔಷಧಿ ಬೆರೆಸಿದ ಹೊಸ ರಕ್ತವನ್ನು ಕೊಳವೆಗಳಲ್ಲಿ ಹಾಕಿ, ಹೋಲಿಕೆಗೆ ಕೆಲವನ್ನು ಹಾಗೇ ಬಿಟ್ಟು, ಉಳಿದ ಒಂದೊಂದಕ್ಕೂ ಸ್ವಲ್ಪ ಲೋಳೆ ಸೇರಿಸಿ, ಬೆಚ್ಚಗಿಟ್ಟು ಕಾದೆವು. ಹೆಚ್ಚಿನ ಕೊಳವೆಗಳಲ್ಲಿ ಏನೂ ಆಗಲಿಲ್ಲ. ನಿನಗೆ ಹೇಳೋಣವೆಂದು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅವಳು ಒಂದನ್ನು ಬೆಳಕಿಗೆ ಹಿಡಿದು ವಾಲಿಸಿದಳು. ರಕ್ತ ವಾಲಲಿಲ್ಲ. ತಳದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಇನ್ನೊಂದರಲ್ಲಿ ಸಣ್ಣ ಸಣ್ಣ ಎಳೆಗಳು. ಲೋಳೆ ಹಾಕದ ಕೊಳವೆಗಳಲ್ಲೆಲ್ಲ ರಕ್ತ ನೀರಿನ ಹಾಗೆ ಹರಿಯಿತು.

"ಕೊಳವೇಲಿ ಆಗಿದ್ದು ಮೈಯಲ್ಲೂ ಆಗ್ಬೇಕು ಅಂತೇನಿಲ್ಲ," ಎಂದಳು. ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, "ಆಗಲ್ಲ ಅಂತಾನೂ ಇಲ್ಲ," ಎಂದಳು.

ಅವಳ ಕೋಣೆಯಿಂದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಕೈಗುಣ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. "ಮೇಡಂ, ಹೆತ್ತ ಕೂಸಿನ ಮೇಲೆ ತಾಯಿಗೇ ಅನುಮಾನಾನಾ?" ಎಂದರು. ಲೋಳೆ ಹಾಕಿದ ರೋಗಿಗಳೆಲ್ಲ ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದಾರೆ ಎಂದರು. ನೋಡಿದ್ದೀರಾ ಎಂದೆ.

"ತೊಂದ್ರೆ ಆಗಿದ್ರೆ ಬರ್ತಿದ್ರಲ್ವಾ ಮೇಡಂ?"

"ಯಾರ ಹತ್ರ ಬರ್ತಿದ್ರು ಡಾಕ್ಟ್ರೇ? ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಗಿ ಉಸಿರು ಕಟ್ಟಿದವ್ರು ಎದೆ ಡಾಕ್ಟ್ರ ಹತ್ರ ಹೋಗ್ತಾರೆ. ಹಿಂದಿನ ತಿಂಗಳು ಕೈಗೆ ಏನು ಹಾಕಿಸ್ಕೊಂಡ್ರಿ ಅಂತ ಅಲ್ಲಿ ಯಾರು ಕೇಳ್ತಾರೆ?"

ಮಣಿಕಟ್ಟಿನಲ್ಲಿ ಆ ನರಕ್ಕೆ ಅಂಟಿಕೊಂಡ ಹಾಗೆ ರಕ್ತನಾಳ ಹೋಗುತ್ತದೆ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ನೀನು ಕೇಳಬಹುದು, ಅಷ್ಟು ಜನರಿಗೆ ಹಾಕಿದ್ದಾರೆ, ಯಾರಿಗೂ ಏನೂ ಆಗದೆಯೂ ಇರಬಹುದಲ್ಲ ಎಂದು. ಇರಬಹುದು. ನನಗೆ ಗೊತ್ತಿಲ್ಲ. ಇಷ್ಟು ವರ್ಷ ಇದೇ ಕೆಲಸದಲ್ಲಿ ಕೂದಲು ನರೆಸಿಕೊಂಡವಳು ಸ್ವಂತ ತಂಗಿಗೆ ಗೊತ್ತಿಲ್ಲ ಎಂದು ಬರೆಯುತ್ತಿದ್ದೇನೆ. ಹಾಕಿಸಿದರೆ ಚಿಟಿಕೆಯ ಬೆರಳು ಬೇಗ ಮಡಚಬಹುದು. ಕಾಲಿಗೆ ಗಾಯವಿರುವುದಿಲ್ಲ. ಅಥವಾ ಒಂದು ಮಧ್ಯಾಹ್ನ ಆಟವಾಡುತ್ತಿರುವಾಗ ಎದೆ ಹಿಡಿದುಕೊಂಡು ಕೂತುಬಿಡಬಹುದು. ಹಾಕಿಸದಿದ್ದರೆ ಆ ಎರಡು ಬೆರಳು ಎಂದಿಗೂ ಪೂರ್ತಿ ಮಡಚದೇ ಹೋಗಬಹುದು. ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತೇನೆಂದು ಹಟ ಹಿಡಿಯುವ ಹುಡುಗಿ ಅದು. ಯಾವ ಕಡೆ ತಿರುಗಿದರೂ ನನಗೆ ಆ ಕೈಯೇ ಕಾಣುತ್ತದೆ.

ನಾನಾಗಿದ್ದರೆ ಹಳೆಯ ವಿಧಾನವನ್ನೇ ಆರಿಸಿಕೊಳ್ಳುತ್ತಿದ್ದೆ. ಅದರ ಕೆಡುಕು ಏನೆಂದು ಗೊತ್ತಿದೆ, ಅದಕ್ಕೊಂದು ಗಡಿ ಇದೆ. ಆದರೆ ಹೆತ್ತವಳು ನೀನು. ನಾನು ಬರೀ ದೊಡ್ಡಮ್ಮ. ಡಾಕ್ಟರು ನಿನ್ನನ್ನು ಕೂರಿಸಿಕೊಂಡು ಮಾತಾಡುತ್ತಾರೆ, ಕೇಳಬೇಕಾದದ್ದನ್ನೆಲ್ಲ ಕೇಳು, ನಾಚಿಕೊಳ್ಳಬೇಡ. ಬುಧವಾರ ಮಧ್ಯಾಹ್ನದ ಹೊತ್ತಿಗೆ ನಾನೂ ಬಂದಿರುತ್ತೇನೆ. ಊಟ ಬಿಡಬೇಡ. ಅವಳೆದುರು ಅಳಬೇಡ, ಅತ್ತರೂ ಈರುಳ್ಳಿ ಅಂತ ಹೇಳಬೇಡ, ಆಸ್ಪತ್ರೆಯಲ್ಲಿ ಈರುಳ್ಳಿ ಎಲ್ಲಿಂದ ಬಂತು ಎಂದು ಕೇಳುವ ಜಾತಿ ಅದು.

ನಿನ್ನ ಹೆದರುಪುಕ್ಕಲು
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನಿರ್ಧಾರ ನಿನ್ನದು ಎಂಬಂತೆ ಮೇಲೆ ಬರೆದೆನಲ್ಲ, ಅದು ಸುಳ್ಳು. ಡಾಕ್ಟರು ಕೊನೆಗೆ, "ತಾಯಿ ಒಪ್ಪಿದ್ರೆ ನಾನು ಹಾಕ್ತೀನಿ ಮೇಡಂ, ಹಾಕದೇ ಇದ್ರೆ ಬೆರಳು ಸರಿಹೋಗಲ್ಲ ಅನ್ನೋ ಭಯ ನನಗಿದೆ" ಎಂದರು. ನೀನು ಒಪ್ಪುತ್ತೀಯ ಎಂದು ನನಗೆ ಗೊತ್ತಿತ್ತು. ನನ್ನ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಒಪ್ಪುತ್ತೀಯ. ಅದಕ್ಕೇ ಲೋಳೆ ತಯಾರಿಸುವ ಕಂಪನಿಯವರಿಗೆ ಮಧ್ಯಾಹ್ನವೇ ಬರೆದು ಕಳಿಸಿದೆ, ಕೊಳವೆಗಳ ಚಿತ್ರಗಳ ಜೊತೆ. ಕಣ್ಣಿನ ಆಸ್ಪತ್ರೆಗಳನ್ನು ಬಿಟ್ಟು ಬೇರೆಲ್ಲಿಗೂ ಇನ್ನು ಕಳಿಸುವುದಿಲ್ಲ, ಕಳಿಸಿದ್ದನ್ನು ವಾಪಸು ತರಿಸುತ್ತೇವೆ ಎಂದು ಈಗಷ್ಟೇ ಉತ್ತರ ಬಂತು. ಬುಧವಾರ ಬೆಳಿಗ್ಗೆ ನಿಮ್ಮ ಆಸ್ಪತ್ರೆಯಲ್ಲೂ ಅದು ಇರುವುದಿಲ್ಲ. ಲೋಳೆಗೆ ಒಪ್ಪಿಗೆ ಕೇಳುವ ಆ ಸಹಿಯ ಕಾಗದ ನಿನ್ನ ಮುಂದೆ ಬರುವುದೇ ಇಲ್ಲ. ಕೇಳದೆ ಮಾಡಿದೆ, ಬಯ್ಯಿ. ಮುಂದೆ ಅವಳ ಬೆರಳು ಮಡಚದಿದ್ದರೆ, ಯಾಕಮ್ಮ ಹೀಗೆ ಎಂದು ಅವಳು ಕೇಳಿದರೆ, ದೊಡ್ಡಮ್ಮ ಬೇಡ ಅಂದ್ಲು ಎಂದು ಹೇಳು. ನಾನು ಹೌದು ಅನ್ನುತ್ತೇನೆ.