ಮೊದಲ ಬಟ್ಟಲು

ಸೆಪ್ಟೆಂಬರ್ ೧೪, ಶನಿವಾರ ಮಧ್ಯಾಹ್ನ

ನನ್ನ ಚಿನಕುರಳಿಗೆ,

ಅತ್ತೆಯ ಮನಸ್ಸು ತುಂಬಿದ ನೆನಪುಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟ ಕೈಯನ್ನು ಈಗಷ್ಟೇ ತಡೆದೆ. ಹಳೆಯ ಅಭ್ಯಾಸ ನೋಡು. ನಿನ್ನ ಕಾಗದ ಬಂದು ಐದು ವಾರವಾಯಿತು. ಕಣ್ಣು ಮಂಜು, ಕೈತುಂಬ ಕೆಲಸ ಎಂದೆಲ್ಲ ನೆಪ ಹೇಳಬಹುದಿತ್ತು. ನಿಜವೆಂದರೆ ಮೂರು ಸಲ ಬರೆದು ಮೂರು ಸಲವೂ ಹರಿದುಹಾಕಿದೆ.

ನೀನು ಕೇಳಿದ್ದು ಒಂದೇ ಮಾತು: "ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಬೈಯುತ್ತಿದ್ದ ಅಪ್ಪ, ಅವತ್ತು ಪಾತ್ರೆಗೆ ಪಾತ್ರೆಯನ್ನೇ ಯಾಕೆ ಚೆಲ್ಲಿದರು ಅತ್ತೆ?" ಅದಕ್ಕೆ ಬರುತ್ತೇನೆ. ಮೊದಲು ಬೀದಿಯ ಸುದ್ದಿ ಹೇಳಿಬಿಡುತ್ತೇನೆ, ಸ್ವಲ್ಪ ಧೈರ್ಯ ಬರಲಿ.

ನಿನ್ನ ಅಪ್ಪ ಕಟ್ಟಿದ ಬೀದಿಕೂಟ ಇನ್ನೂ ಉಸಿರಾಡುತ್ತಿದೆ. ಮುಚ್ಚಿಹೋಗಿದ್ದ ಪ್ರೆಸ್ಸಿನ ಕೋಣೆಯಲ್ಲಿ ಸುತ್ತಿಗೆ, ಏಣಿ, ಗರಗಸ ಎಲ್ಲ ಗೋಡೆಗೆ ನೇತಾಡುತ್ತಿವೆ. ಬೇಕಾದವರು ಒಯ್ಯುತ್ತಾರೆ, ತಂದಿಡುತ್ತಾರೆ. ಎರಡು ವರ್ಷದ ಹಿಂದೆ ಒಂಬತ್ತು ದಿನ ಲಾರಿಗಳು ಬರದೆ ಅಂಗಡಿಯ ಹಲಗೆಗಳೆಲ್ಲ ಖಾಲಿಯಾದಾಗ ಅವನು ಹೇಳಿದ್ದು ನಿನಗೆ ನೆನಪಿರಬೇಕು. "ನಮ್ಮ ಹೊಟ್ಟೆ ಸ್ಟೀರಿಂಗ್ ಹಿಡಿದವನ ಕೈಲಿದೆ ಅಂತಾಯ್ತು. ಹಿತ್ತಿಲಲ್ಲಿ ಏನಾದ್ರೂ ಬೆಳೀರಪ್ಪಾ!" ನಲ್ಲಿ ರಿಪೇರಿ ಮಾಡುವವನ ಮಾತನ್ನು ಯಾರು ಕೇಳುತ್ತಾರೆ ಎಂದು ನಾನೇ ನಕ್ಕಿದ್ದೆ. ಆರು ತಿಂಗಳಲ್ಲಿ ಪ್ರೆಸ್ಸಿನ ಹಿಂದಿನ ಕಸದ ಜಾಗ ತೋಟವಾಯಿತು, ಅಕ್ಷರ ಜೋಡಿಸುವ ಹಳೆಯ ಕಪಾಟು ಬೀಜದ ಕಪಾಟಾಯಿತು.

ಕೂಟಕ್ಕೆ ನಿಯಮಗಳನ್ನು ಹಾಕಿದವನೂ ಅವನೇ. ಬೀಜದಿಂದ ಬಂದ ಹೊಸ ಬಳ್ಳಿಯ ಮೊದಲ ಕಾಯಿಯನ್ನು ನಾನು ರುಚಿ ನೋಡಬೇಕು. ಕಹಿಯಿದ್ದರೆ ಬಳ್ಳಿ ಬೇರುಸಹಿತ ಹೊರಗೆ. ಚಹಾ ಕಂಪನಿಯಲ್ಲಿ ಮೂವತ್ತೊಂದು ವರ್ಷ ರುಚಿ ನೋಡಿ ಸಂಬಳ ತಂದವಳು ನಾನು, ಆ ಕೆಲಸ ಬೇರೆ ಯಾರಿಗೆ ಹೋದೀತು! ನಾನು ಸಿಹಿ ಎಂದ ಮೇಲೆ, ಬೀಜ ಉಳಿಸಿದವರು ಎಲ್ಲರೆದುರು ಮೊದಲ ಬಟ್ಟಲು ತಿಂದು, ಖಾಲಿ ಮಾಡಿ, ತಲೆಕೆಳಗೆ ಹಿಡಿದು ತೋರಿಸಬೇಕು. ಆಮೇಲೆ ಉಳಿದವರಿಗೆ ಬಡಿಸುವುದು. ಬಟ್ಟಲಲ್ಲಿ ಉಳಿಸಿದರೆ ರುಚಿ ನೋಡಿದವಳು ತಪ್ಪಿದಳು ಎಂದೇ ಅರ್ಥ. "ಅಕ್ಕ, ನಿನ್ನ ಮಾನ ನನ್ನ ಬಟ್ಟಲಲ್ಲಿದೆ" ಎಂದು ಛೇಡಿಸುತ್ತಿದ್ದ. ಚಿಕ್ಕಂದಿನಲ್ಲಿ ನನ್ನ ಹಾಲಿಗೆ ಸಕ್ಕರೆಯ ಬದಲು ಉಪ್ಪು ಬೆರೆಸಿ, ನಾನು ಥೂ ಎನ್ನುವುದನ್ನೇ ಬಾಗಿಲ ಸಂದಿಯಿಂದ ಕಾಯುತ್ತಿದ್ದ ಮಂಗ ಅವನು.

ಜುಲೈ ತಿಂಗಳ ಆ ಮಧ್ಯಾಹ್ನ ಅವನೇ ಉಳಿಸಿದ ಬೀಜದ ಸೋರೆಕಾಯಿ ಬೆಂದಿತ್ತು. ನಲವತ್ತು ಜನ ಬಟ್ಟಲು ಹಿಡಿದು ಕೂತಿದ್ದರು. ನಾನು ಬೆಳಿಗ್ಗೆಯೇ ಹಸಿ ಚೂರನ್ನು ನಾಲಿಗೆಗಿಟ್ಟು, ಉಗುಳಿ, ಸಿಹಿ ಎಂದಿದ್ದೆ. ಅವನು ಮೊದಲ ತುತ್ತು ಬಾಯಿಗಿಟ್ಟವನು ಒಂದು ಕ್ಷಣ ತಡೆದ. ನನ್ನತ್ತ ನೋಡಿ, "ರುಚಿ ನೋಡ್ದೆ ಅಲ್ವಾ ಅಕ್ಕ?" ಎಂದ.

"ನೋಡ್ದೆ ಕಣೋ. ಯಾಕೆ?"

"ಏನಿಲ್ಲ. ಅಕ್ಕನ ನಾಲಿಗೆ ಯಾವತ್ತಾದ್ರೂ ತಪ್ಪಿದ್ದುಂಟಾ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಿಧಾನವಾಗಿ ಪೂರ್ತಿ ತಿಂದ, ಚಮಚದಿಂದ ತಳ ಕೆರೆದ. ಖಾಲಿ ಬಟ್ಟಲನ್ನು ತಲೆಕೆಳಗೆ ಹಿಡಿದು ತೋರಿಸಿದ. ಚಪ್ಪಾಳೆ ಬಿತ್ತು. ಬಡಿಸಲು ತಾನೇ ಎದ್ದವನು ಪಾತ್ರೆಯನ್ನು ಮೊಣಕೈಯಿಂದ ತಳ್ಳಿಬಿಟ್ಟ. ಎಲ್ಲವೂ ಮಣ್ಣುಪಾಲು. "ನಲ್ಲಿಯವನ ಕೈಲಿ ಸೋರದೆ ಇದ್ದೀತಾ" ಎಂದು ಜನ ನಕ್ಕರು, ಅವನೂ ನಕ್ಕ. ಸಂಜೆಯೊಳಗೆ "ಹುಳ ಹಿಡಿದಿದೆ" ಎಂದು ಆ ಬಳ್ಳಿಯನ್ನೇ ಕಿತ್ತುಹಾಕಿದ. ಕತ್ತಲಾಗುವ ಹೊತ್ತಿಗೆ ವಾಂತಿ ಶುರುವಾಯಿತು. ಆಮೇಲಿನ ಎರಡು ದಿನ ಆಸ್ಪತ್ರೆಯಲ್ಲಿ ನೀನೇ ಇದ್ದೆ. ಕಹಿ ಸೋರೆಯ ವಿಷ ಎಂದು ಡಾಕ್ಟರು ಹೇಳಿದ್ದನ್ನು ನಿನಗೆ ಮತ್ತೆ ಹೇಳಬೇಕಾಗಿಲ್ಲ.

ಈಗ ಬೀದಿಯೆಲ್ಲ ಸೈಕಲ್ ರಿಪೇರಿಯವನನ್ನು ದೂರುತ್ತಿದೆ. ಹೋದ ವರ್ಷ ಅವನು ಅಂದಕ್ಕೆಂದು ಬೇಲಿಗೆ ಹಬ್ಬಿಸಿದ್ದು ಕಹಿಸೋರೆಯಂತೆ. ದುಂಬಿಗಳು ಅದರ ಪರಾಗವನ್ನು ನಮ್ಮ ಹೂವಿಗೆ ತಂದವಂತೆ. ಆ ಮನುಷ್ಯ ತಿಂಗಳಿಂದ ಅಂಗಡಿಯ ಬಾಗಿಲನ್ನೇ ತೆಗೆದಿಲ್ಲ. ಮೊನ್ನೆ ನನ್ನ ಮೆಟ್ಟಿಲ ಮೇಲೆ ಕೂತು, "ಅಮ್ಮಾ, ನಾನೇ ಕೊಂದೆ ಅವರನ್ನ. ಮನೆ ಖಾಲಿ ಮಾಡ್ಕೊಂಡು ಹೋಗ್ತೀನಿ" ಎಂದು ಅತ್ತ. ನಾನು ನೀರು ಕೊಟ್ಟೆ. ಬೇರೇನೂ ಕೊಡಲಾಗಲಿಲ್ಲ. ಅವನನ್ನು ಕೂಟದಿಂದ ತೆಗೆಯಬೇಕೆ, ತೋಟಕ್ಕೆ ಬೀಗ ಹಾಕಬೇಕೆ ಎಂದು ನಾಳೆ ಸಭೆಯಲ್ಲಿ ತೀರ್ಮಾನವಂತೆ.

ನನ್ನ ಪಾಡು ಕೇಳಬೇಡ. ಊಟಕ್ಕೆ ಕೂತಾಗಲೆಲ್ಲ ಪಕ್ಕದಲ್ಲಿ ಯಾರೋ ಚಮಚದಿಂದ ಬಟ್ಟಲಿನ ತಳ ಕೆರೆಯುತ್ತಾರೆ. ತಿರುಗಿದರೆ ಯಾರೂ ಇಲ್ಲ. ಅವತ್ತು ಹೆಚ್ಚುವಾಗ ತೆಗೆದ ಬಲಿತ ಬೀಜಗಳನ್ನು ಗೊಬ್ಬರದ ಗುಂಡಿಗೆ ಎಸೆದಿದ್ದೆ. ಅವು ಮೊಳೆತು, ಬಳ್ಳಿ ಗೋಡೆ ಹತ್ತಿ, ಈಗ ನನ್ನ ಕಿಟಕಿಯ ಸರಳಿಗೆ ಸುತ್ತಿಕೊಂಡಿದೆ. ಬಿಳಿ ಹೂವು ಬಿಟ್ಟಿದೆ. ಕೀಳಬೇಕೆಂದು ಕೈ ಚಾಚುತ್ತೇನೆ, ಕೀಳಲಾಗುವುದಿಲ್ಲ. ನನ್ನನ್ನು ಹುಡುಕಿಕೊಂಡೇ ಬಂದಿದೆ ಅನ್ನಿಸುತ್ತದೆ, ಮಗಳೇ.

ಪಾತ್ರೆ ಯಾಕೆ ಚೆಲ್ಲಿದ ಎಂದರೆ, ಕೈ ಜಾರಿರಬೇಕು. ಅಷ್ಟೇ ಎಂದುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಎಣ್ಣೆ ಹಚ್ಚಿಕೋ. ನಿನ್ನ ಅಪ್ಪನ ನಗು ನಿನ್ನ ಬಾಯಲ್ಲಿದೆ, ಅದು ಬಾಡದಿರಲಿ. ನೂರು ಕಾಲ ಬಾಳು ತಾಯಿ.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕೈ ಜಾರಿರಬೇಕು ಎಂದು ಮೇಲೆ ಬರೆದದ್ದು ಸುಳ್ಳು. ಹಾಳೆ ಹರಿದರೆ ನಾಲ್ಕನೆಯ ಸಲವಾಗುತ್ತದೆ, ಅದಕ್ಕೇ ಹಾಗೇ ಬಿಟ್ಟಿದ್ದೇನೆ. ಮೇ ತಿಂಗಳ ಜ್ವರದಲ್ಲಿ ನನ್ನ ನಾಲಿಗೆ ಸತ್ತುಹೋಯಿತು. ಸಿಹಿ, ಕಹಿ, ಉಪ್ಪು, ಹುಳಿ ಒಂದೂ ಇಲ್ಲ. ಯಾರಿಗೂ ಹೇಳಲಿಲ್ಲ. ರುಚಿ ಗೊತ್ತಾಗದಿದ್ದರೆ ಈ ಬೀದಿಯಲ್ಲಿ ನಾನು ಯಾರು ಎಂಬ ಹಾಳು ಬಿಂಕ. ಅವತ್ತು ಕಾಯಿಯ ಬಣ್ಣ ನೋಡಿ ಸಿಹಿ ಎಂದುಬಿಟ್ಟೆ. ದುಂಬಿಗೆ ಯಾವ ಬೇಲಿ? ಅದಕ್ಕೇ ತಾನೆ ರುಚಿ ನೋಡಲು ನನ್ನನ್ನು ಇಟ್ಟದ್ದು.

ನಿನ್ನೆ ನಮ್ಮ ಬೀದಿಯ ನರ್ಸಮ್ಮ ಬಂದು ಬಾಗಿಲು ಹಾಕಿಕೊಂಡು ಹೇಳಿದಳು: "ಜೂನಲ್ಲಿ ನಿಮ್ಮ ತಮ್ಮ ನನ್ನ ಹತ್ರ ಬಂದಿದ್ರು. 'ಅಕ್ಕಂಗೆ ತಮಾಷೆಗೆ ಚಹಾಕ್ಕೆ ಉಪ್ಪು ಹಾಕಿ ಕೊಟ್ಟೆ, ಗಟಗಟ ಕುಡಿದ್ಬಿಟ್ಳು. ನಾಲಿಗೆ ಮತ್ತೆ ಬರುತ್ತಾ?' ಅಂತ ಕೇಳಿದ್ರು. ಯಾರಿಗೂ ಹೇಳ್ಬೇಡಿ, ಅವಳೇ ಹೇಳ್ಲಿ ಅಂದ್ರು."

ಅವನಿಗೆ ಗೊತ್ತಿತ್ತು. ವಿಷವೆಂದು ಗೊತ್ತಿರಲಿಲ್ಲ, ಬರೀ ಕಹಿ ಎಂದುಕೊಂಡ. ನನ್ನ ಮಾನ ಉಳಿಸಲು ನುಂಗಿದ, ಬೇರೆಯವರ ಬಾಯಿಗೆ ಹೋಗದಂತೆ ಚೆಲ್ಲಿದ.

ನಾಳೆ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ಹೇಳಬೇಕಿತ್ತು. ನಾಳೆಯ ಮೇಲೆ ನೀನು ನನ್ನನ್ನು ಅತ್ತೆ ಎನ್ನದಿದ್ದರೂ ಸರಿಯೇ.

ಇವತ್ತು ಬೆಳಿಗ್ಗೆ ನಾನೇ ಚಹಾಕ್ಕೆ ಮೂರು ಚಮಚ ಉಪ್ಪು ಹಾಕಿಕೊಂಡು ಬಾಗಿಲ ಕಡೆ ನೋಡುತ್ತಾ ಕುಡಿದೆ. ಥೂ ಎನ್ನಲು ಆಗಲಿಲ್ಲ.