ಬಾಗಿಲು, ಒಳಮಗ್ಗುಲು ಮಾತ್ರ

ಬಳ್ಳಾರಿ
೧೪ ಮೇ ೨೦೨೫, ಬುಧವಾರ

ಪ್ರೀತಿಯ ರಶ್ಮಿ ಅಕ್ಕನಿಗೆ,

ನಿನ್ನ ತಂಗಿ ಶೀಲಾಳ ನಮಸ್ಕಾರ. ಹತ್ತು ದಿನದಿಂದ ನೀನು ಫೋನ್ ಮಾಡಿದಾಗಲೆಲ್ಲ "ಆಮ್ಯಾಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟಿದ್ದೇನೆ. ಸಿಟ್ಟಾಗಬೇಡ. ಸಿರುಗುಪ್ಪದ ನಿಮ್ಮ ಮನೆಯಲ್ಲಿ ಫೋನು ಸದಾ ಸ್ಪೀಕರಿನಲ್ಲಿರುತ್ತದೆ. ಪಕ್ಕದಲ್ಲಿ ಭಾವ ಇರುತ್ತಾರೆ, ಭಾವನ ಪಕ್ಕದಲ್ಲಿ ಅಂಗಡಿಗೆ ಬಂದ ಗಿರಾಕಿಯೂ ಇರುತ್ತಾನೆ. ಅಷ್ಟು ಜನರ ಎದುರು ಹೇಳುವ ವಿಷಯ ಇದಲ್ಲ. ಅದಕ್ಕೇ ಎಷ್ಟೋ ವರ್ಷದ ಮೇಲೆ ಕಾಗದ ಬರೆಯಲು ಕೂತಿದ್ದೇನೆ. ಕ್ಷೇಮಸಮಾಚಾರ ಬರೆಯುವಂಥದ್ದು ಏನೂ ಇಲ್ಲ. ಸಾಲೆಗೆ ರಜೆ, ಹೊರಗೆ ಕಾಲಿಟ್ಟರೆ ಕಾದ ಹಂಚು, ಮನೆಯಲ್ಲಿ ನಾನೊಬ್ಬಳೇ.

ವಿಷಯ ಅವ್ವನ ಕೋಣೆಯ ಬಣ್ಣದ್ದು. ಜೂನಿಗೆ ನಿನ್ನ ಮಗಳು ಚೈತ್ರಾ ಇಲ್ಲಿ ಕಾಲೇಜು ಸೇರುತ್ತಾಳೆ, ಅಜ್ಜಿಯ ಕೋಣೆಯಲ್ಲೇ ಇರಲಿ ಎಂದು ನೀನು ಹೇಳಿದೆ. ಬಣ್ಣದ ಖರ್ಚು ತಾವೇ ಕೊಡುತ್ತೇವೆ ಎಂದು ಭಾವ ಹೇಳಿದರು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಪೇಂಟರ್ ಹೊನ್ನೂರಸ್ವಾಮಿ ಹದಿನೈದು ಸಾವಿರದ ನೂರಿಪ್ಪತ್ತು ಕೇಳಿದ್ದಾನೆ ಎಂದು ನಾನು ಬಾಯಿ ಬಿಟ್ಟೆ. ಬಣ್ಣ ಮಾರುವ ಮನುಷ್ಯ ಕೇಳಿಕೊಂಡು ಸುಮ್ಮನಿರುತ್ತಾರೆಯೇ? "ಒಂದು ರೂಮಿಗೆ ಹದಿನೈದು ಸಾವ್ರ? ಏನು ಅರಮನಿಗೆ ಹೊಡೀತಾನೇನು? ಕೊಟೇಶನ್ ಕಳ್ಸು, ನಾ ನೋಡ್ತೀನಿ" ಎಂದರು. ವಾಟ್ಸಾಪಿನಲ್ಲಿ ಹಾಕು ಎಂದರು. ನಾನು ಹಾಕಲಿಲ್ಲ. ಆ ಚೀಟಿ ಈ ಕಾಗದದ ಜೊತೆಗೇ ಇದೆ. ಭಾವನಿಗಿಂತ ಮೊದಲು ನೀನು ನೋಡಬೇಕು.

ನನ್ನ ಸ್ವಭಾವ ನಿನಗೆ ಗೊತ್ತು. ಇಪ್ಪತ್ತಾರು ವರ್ಷ ಲೆಕ್ಕ ಹೇಳಿಕೊಟ್ಟವಳು, ಸಂತೆಯಲ್ಲಿ ತಕ್ಕಡಿಯವನನ್ನೂ ಬಿಟ್ಟವಳಲ್ಲ. ಸಾಲೆಯ ಟೇಪು ತಂದು ಕೋಣೆಯನ್ನು ನಾನೇ ಅಳೆದೆ. ಹತ್ತು ಅಡಿಗೆ ಹನ್ನೆರಡು, ಎತ್ತರ ಹತ್ತು. ನಾಲ್ಕು ಗೋಡೆ, ಮೇಲಿನ ಸೀಲಿಂಗು ಸೇರಿ ಐನೂರ ಅರವತ್ತು ಚದರಡಿ. ಅದರಲ್ಲಿ ಬಾಗಿಲು, ಕಿಟಕಿ ಕಳೆಯಬೇಕಲ್ಲ? ಅವನು ಕಳೆದಿರಲಿಲ್ಲ. ಸಿಕ್ಕಿಬಿದ್ದ ಕಳ್ಳ ಎಂದು ಹಿಗ್ಗಿ ಅವನನ್ನು ಕರೆಸಿ ಕೇಳಿದೆ.

ಅವನು ನಕ್ಕ. "ಟೀಚರ್, ನಮ್ಮ ಕೆಲ್ಸದಾಗ ಬಾಗ್ಲಾ ಕಿಟಕಿ ಕಳಿಯಂಗಿಲ್ರಿ. ಅಂಚು ಹಿಡಿದು ಹೊಡಿಯಾಕ ಗ್ವಾಡಿಗಿಂತ ಜಾಸ್ತಿ ಹೊತ್ತು ಹಿಡೀತೈತಿ. ಬೇಕಂದ್ರ ನಿಮ್ಮ ಭಾವನ್ನ ಕೇಳ್ರಿ" ಎಂದ. ಒಪ್ಪಿದೆ. ಚದರಡಿಗೆ ಇಪ್ಪತ್ತೆರಡು ರೂಪಾಯಿ, ಪುಟ್ಟಿ, ಪ್ರೈಮರ್, ಎರಡು ಕೈ ಬಣ್ಣ, ಸಾಮಾನೂ ಅವನದೇ. ನಾಲ್ಕು ಕಡೆ ವಿಚಾರಿಸಿದೆ, ಈಗ ನಡೆಯುವ ದರವೇ ಅದು.

ಜಗಳ ಇದ್ದದ್ದು ಅದರ ಕೆಳಗಿನ ಸಾಲಿಗೆ. "ಬಾಗಿಲ ಪಕ್ಕದ ಗೋಡೆ ಕೆರೆದು ಪುಟ್ಟಿ ಮೂರು ಸಲ. ಬಾಗಿಲು, ಒಳಮಗ್ಗುಲು ಮಾತ್ರ, ಉಜ್ಜಿ ಆಯಿಲ್ ಪೇಂಟ್. ೨,೮೦೦." ಇದೆಂಥ ಲೆಕ್ಕ? ಬಾಗಿಲಿಗೆ ಹೊಡೆದರೆ ಎರಡೂ ಮಗ್ಗುಲು ಹೊಡೆಯಬೇಕು, ಇಲ್ಲದಿದ್ದರೆ ಬಿಡಬೇಕು. ಒಂದೇ ಮಗ್ಗುಲು ಯಾರಾದರೂ ಹೊಡೆಯುತ್ತಾರೆಯೇ? ಹಾಗೆಂದು ದಬಾಯಿಸಿದೆ.

"ಹೊರಗ ಬಾಗ್ಲಾ ಹೊಸಾದಂಗ ಐತ್ರಿ. ಕೆಲ್ಸ ಇರಾದೆಲ್ಲ ಒಳಗ" ಎಂದು ಅವನು ಬಾಗಿಲ ಹಿಂದೆ ಕುಕ್ಕರುಗಾಲಲ್ಲಿ ಕೂತ. ಅಂಗೈಯಿಂದ ಸವರಿ ನೋಡಿದ. "ಮ್ಯಾಲೆ ಕಡಿಮಿ ಅದಾವು, ಕೆಳಗ ಬಂದಂಗೆಲ್ಲ ಆಳ ಅದಾವು. ಪುಟ್ಟಿ ಹಂಗ ಮೆತ್ತಿದ್ರ ನಿಲ್ಲಂಗಿಲ್ಲ, ಕೆರೀಬೇಕು" ಎಂದ. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಕೇಳಿದ. ನಾನು ಒಂದು ಉತ್ತರ ಕೊಟ್ಟೆ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಮರುದಿನ ತಿಪ್ಪೇಸ್ವಾಮಿ ಎಂಬ ಇನ್ನೊಬ್ಬ ಪೇಂಟರನ್ನು ಕರೆಸಿದೆ. ಅವನು ಒಳಗೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತು "ಎಂಟೂವರಿ ಸಾವ್ರ ಕೊಡ್ರಿ, ಎರಡು ದಿನದಾಗ ಮುಗಿಸ್ತೀನಿ" ಎಂದ. ಬಾಗಿಲು ಎಂದೆ. "ಅದರ ಮ್ಯಾಲೂ ಒಂದು ಕೈ ಎಳೀತೀನಿ ಬಿಡ್ರಿ. ಬಣ್ಣ ಬಿದ್ಮ್ಯಾಲೆ ಯಾರಿಗೂ ಏನೂ ಕಾಣಂಗಿಲ್ಲ" ಎಂದ. ಅಕ್ಕ, ಸುಳ್ಳು ಹೇಳುವುದಿಲ್ಲ. ಆ ಮಾತು ಕೇಳಿ ನನ್ನ ಜೀವ ತಣ್ಣಗಾಯಿತು. ಸಾವಿರ ರೂಪಾಯಿ ಮುಂಗಡ ಕೊಡಲು ಪರ್ಸನ್ನೂ ತೆಗೆದೆ. ಆದರೆ ಕೊಡಲಾಗಲಿಲ್ಲ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ಭಾವ ಈ ಎರಡು ದರ ನೋಡಿದರೆ ತಿಪ್ಪೇಸ್ವಾಮಿಗೇ ಕೊಡು ಎನ್ನುತ್ತಾರೆ. ಇಲ್ಲವೇ, ಅವರು ಬಣ್ಣದ ಸಂಗತಿ ಬಲ್ಲವರು, ಒಳಮಗ್ಗುಲು ಮಾತ್ರ ಯಾಕೆ ಎಂದು ಕೇಳುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿದೆ ನನಗೆ. ಹೊನ್ನೂರಸ್ವಾಮಿ ಕೇಳಿದ್ದು ಹೆಚ್ಚೋ ಸರಿಯೋ ಎಂದು ನೀವು ಕೇಳಿದಿರಿ. ಸರಿಯಾಗಿಯೇ ಇದೆ. ಒಂದು ರೂಪಾಯಿಯೂ ಹೆಚ್ಚಿಲ್ಲ.

ಮರೆವು ಹೆಚ್ಚಾದ ಮೇಲೆ ಅವ್ವ ಒಮ್ಮೆ ಯಾರಿಗೂ ಹೇಳದೆ ಕುರುಗೋಡಿನ ಬಸ್ಸು ಹತ್ತಿ ಹೋಗಿದ್ದು ನಿನಗೆ ನೆನಪಿದೆಯಲ್ಲ? ತವರುಮನೆ ಹುಡುಕುತ್ತಾ ಬರಿಗಾಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಹಣ್ಣು ಮಾರುವವಳು ಗುರುತು ಹಿಡಿದು ಫೋನ್ ಮಾಡಿದ್ದಕ್ಕೆ ಸಿಕ್ಕಳು. ಆವತ್ತು ನೀನು ಅತ್ತು "ಆಕೀನ ಒಬ್ಬಾಕಿನ ಬಿಡಬ್ಯಾಡ ಶೀಲಾ, ಆಣಿ ಐತಿ ನಿನಗ" ಎಂದೆ. ಎದುರು ಮನೆಯ ತುಳಸಮ್ಮನವರು ನಾನು ಸಾಲೆಯಿಂದ ಬರುವ ತನಕ ಜೊತೆಗೆ ಕೂರುತ್ತಾರೆ ಎಂದಾಗ ನಿನಗೆ ಎಷ್ಟು ಸಮಾಧಾನವಾಯಿತು!

ಚೈತ್ರಾ ಬರುವ ಮೊದಲು, ಈ ಭಾನುವಾರ, ನೀನೊಬ್ಬಳೇ ಬಾ. ಬೆಳಗಿನ ಬಸ್ಸಿಗೆ ಬಂದು ಸಂಜೆಗೆ ಹೋಗಬಹುದು. ಅಲ್ಲಿಯ ತನಕ ಯಾವ ಪೇಂಟರಿಗೂ ಆ ಕೋಣೆ ಮುಟ್ಟಲು ಬಿಡುವುದಿಲ್ಲ. ಭಾವನಿಗೆ ನಮಸ್ಕಾರ. ಚೈತ್ರಾ ಓದಿ ಮುಂದೆ ಬರಲಿ, ಅವಳಿಗೆ ನನ್ನ ಆಶೀರ್ವಾದ. ನನಗೆ ನಿನ್ನ ಆಶೀರ್ವಾದ ಬೇಕು, ಕೇಳುವ ಮುಖ ಇಲ್ಲ.

ನಿನ್ನ ತಂಗಿ,
ಶೀಲಾ

ತಾ.ಕ.: ತುಳಸಮ್ಮನವರು ಹೋದ ವರ್ಷ ಆಷಾಢದಲ್ಲೇ ಮಗಳ ಬಾಣಂತನಕ್ಕೆ ಆದವಾನಿಗೆ ಹೋದರು, ತಿರುಗಿ ಬರಲಿಲ್ಲ. ನಿನಗೆ ಹೇಳಲಿಲ್ಲ. ಬೇರೆ ಯಾರೂ ಸಿಗಲಿಲ್ಲ, ನನಗಿದ್ದ ರಜೆಯೆಲ್ಲ ಮುಗಿದಿತ್ತು. ಆಮೇಲೆ ಆರು ತಿಂಗಳು ಸಾಲೆ ಇದ್ದ ದಿನವೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಅವ್ವನನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಹೋದೆ, ಸಂಜೆ ಐದಕ್ಕೆ ಬಂದು ತೆಗೆದೆ. ಮಧ್ಯಾಹ್ನ ನೀನು ಫೋನ್ ಮಾಡಿದಾಗ ಸ್ಟಾಫ್ ರೂಮಿನಲ್ಲಿ ಕೂತು "ತುಳಸಮ್ಮನವ್ರು ಉಣಿಸಾಕತ್ಯಾರ" ಎಂದದ್ದು ಇದೇ ಬಾಯಿ. ಅವ್ವನ ಉಗುರು ಒಡೆದಿದ್ದನ್ನು ನೋಡಿ ವಯಸ್ಸಾಯಿತು ಎಂದುಕೊಂಡೆ. ಸಂಕ್ರಾಂತಿ ಮುಗಿದ ಭಾನುವಾರ ಅವಳು ಜೀವ ಬಿಟ್ಟಾಗ ಬಾಗಿಲು ತೆರೆದೇ ಇತ್ತು. ಅವಳು ಅತ್ತ ನೋಡಲೂ ಇಲ್ಲ.

ಹೊನ್ನೂರಸ್ವಾಮಿ ಕೇಳಿದ ಮಾತು ಇದು: "ಈ ರೂಮಿನಾಗ ನಾಯಿ ಏನರ ಕಟ್ಟಿದ್ರೇನ್ರಿ ಟೀಚರ್?" ನಾನು ಹೌದು ಎಂದೆ, ಅಕ್ಕ. ಅವ್ವನ ಫೋಟೋ ಅದೇ ಗೋಡೆಯ ಮೇಲಿತ್ತು. ಅವನು ಹೋದ ಮೇಲೆ ಟೇಪು ಹಿಡಿದು ಅಳೆದೆ. ಗೀರುಗಳು ಶುರುವಾಗುವುದು ನೆಲದಿಂದ ನಾಲ್ಕೂವರೆ ಅಡಿಗೆ. ಅಷ್ಟು ಎತ್ತರದ ನಾಯಿ ಎಲ್ಲಿದೆ? ಅವನಿಗೆ ಅಳೆಯುವ ಅಗತ್ಯವಿರಲಿಲ್ಲ. ಸಂಜೆ ಚೀಟಿಯನ್ನು ಹೊಸದಾಗಿ ಬರೆದು ತಂದು ಕೊಟ್ಟ, ನನ್ನ ಮುಖ ನೋಡಲಿಲ್ಲ. ಅದರ ಕೊನೆಯ ಸಾಲನ್ನು ನಾನು ಪೆನ್ನಿನಿಂದ ಗೀಚಿ ಅಳಿಸಿದ್ದೇನೆ, ಬೆಳಕಿಗೆ ಹಿಡಿದರೆ ನಿನಗೆ ಕಾಣುತ್ತದೆ. "ಹೊರಗಿನ ಚಿಲಕ ಬಿಚ್ಚಿ ತೆಗೆಯುವುದು. ಇದಕ್ಕೆ ರೊಕ್ಕ ಬೇಡ" ಎಂದು ಬರೆದಿದ್ದಾನೆ.