ಆವರಣದೊಳಗಿನ ಮೂರು

ಮಾರ್ಚ್ 7, ಭಾನುವಾರ ಮಧ್ಯಾಹ್ನ

ನನ್ನ ಮೊಂಡಿಗೆ,

ನಿನ್ನ ಕಾಗದವೂ ಅದರೊಳಗೆ ಮಡಚಿಟ್ಟಿದ್ದ ಗಣಿತದ ಉತ್ತರಪತ್ರಿಕೆಯೂ ಬುಧವಾರವೇ ಕೈಸೇರಿದವು. ಇಪ್ಪತ್ತೈದಕ್ಕೆ ಆರು. ಸಹಿ ಹಾಕಿದ್ದೇನೆ. ಬೈಯುವುದಿಲ್ಲ, ಹೆದರಬೇಡ. ಲಾಂಡ್ರಿಯಲ್ಲಿ ಈ ವಾರ ಆಸ್ಪತ್ರೆಯ ಹೊದಿಕೆಗಳ ರಾಶಿ ಬಂದಿತ್ತು. ಇಸ್ತ್ರಿಯ ಬಿಸಿಗೆ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿದೆ, ಅಕ್ಷರ ಸೊಟ್ಟಗಾದರೆ ಅದಕ್ಕೇ ಎಂದುಕೋ.

ಲೆಕ್ಕದಲ್ಲಿ ಅಕ್ಷರಕ್ಕೇನು ಕೆಲಸ, ಈ ಎಕ್ಸ್‌ನಿಂದ ಯಾರಿಗೆ ಏನಾಗಬೇಕಿದೆ ಎಂದು ಕೇಳಿದ್ದೀಯ. ಆ ಸಾಲಿಗೆ ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದು ಹಾಕಿದೆ. ಇದು ನಾಲ್ಕನೆಯದು.

ಮೊದಲು ನಿನ್ನ ತಪ್ಪುಗಳು. ಎಕ್ಸ್ ಅಂದರೆ ದೆವ್ವವಲ್ಲ. ಎಷ್ಟೆಂದು ಇನ್ನೂ ಗೊತ್ತಿಲ್ಲದ ಸಂಖ್ಯೆಗೆ ಕಾದಿರಿಸಿದ ಜಾಗ ಅದು. 3x ಎಂದರೆ ಎಕ್ಸ್ ಮೂರು ಸಲ, ನಡುವೆ ಕಣ್ಣಿಗೆ ಕಾಣದ ಗುಣಾಕಾರ ಇದೆ. ಎಕ್ಸ್ ನಾಲ್ಕಾದರೆ ಹನ್ನೆರಡು. ನೀನು ಎರಡನ್ನೂ ಅಂಟಿಸಿ ಮೂವತ್ತನಾಲ್ಕು ಎಂದು ಬರೆದಿದ್ದೀಯ. ಓದಿ ನಗು ಬಂತು, ಸುಳ್ಳು ಹೇಳುವುದಿಲ್ಲ.

ಐದನೆಯ ಲೆಕ್ಕ ನೋಡಿದಾಗ ನಗು ನಿಂತುಹೋಯಿತು. 5(x + 2), ಎಕ್ಸ್ ಮೂರು. ನೀನು ಐದನ್ನು ಮೂರರಿಂದ ಗುಣಿಸಿ ಹದಿನೈದು ಮಾಡಿ, ಎರಡು ಕೂಡಿಸಿ, ಹದಿನೇಳು ಎಂದಿದ್ದೀಯ. ಆವರಣದೊಳಗೆ ಇರುವುದನ್ನು ಮೊದಲು ಒಂದು ಮಾಡಬೇಕು ಮಗಳೇ. ಮೂರು ಮತ್ತು ಎರಡು ಐದು, ಐದೈದು ಇಪ್ಪತ್ತೈದು. ಹೊರಗಿನ ಐದು ಒಳಗಿನ ಎರಡಕ್ಕೂ ಸೇರಬೇಕು, ಎದುರಿಗೆ ಸಿಕ್ಕ ಎಕ್ಸ್‌ಗೆ ಮಾತ್ರ ಅಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನಿನ್ನ ಅಪ್ಪ ಸತ್ತದ್ದು ಅದರಿಂದ.

ಈ ಸಾಲನ್ನು ಇನ್ನೊಮ್ಮೆ ಓದಿಕೊಂಡು ಮುಂದೆ ಹೋಗು. ನಾನೂ ಬರೆದು ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ.

ಅಪ್ಪ ಕಲ್ಲುಗಣಿಯಲ್ಲಿ ಮದ್ದು ಸಿಡಿಸುವವರಾಗಿದ್ದರು, ಅದು ನಿನಗೆ ಗೊತ್ತು. ನಾನೂ ಅಲ್ಲೇ ಕೆಲಸಕ್ಕಿದ್ದೆ ಎಂದು ನಿನಗೆ ಯಾರೂ ಹೇಳಿಲ್ಲ. ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ, ಪ್ರತಿ ಕುಳಿಗೂ ಒಂದು ಬತ್ತಿ ಬಿಡುತ್ತಾರೆ. ಒಂದೊಂದಾಗಿ ಎಲ್ಲಕ್ಕೂ ಬೆಂಕಿ ಕೊಟ್ಟು, ನಡೆದು, ಮರೆಗೋಡೆಯ ಹಿಂದೆ ಸೇರಬೇಕು. ಬತ್ತಿಯ ಉದ್ದವೇ ಅವರಿಗೆ ಸಿಗುವ ಸಮಯ. ಮದ್ದಿನ ಕೋಣೆಯಲ್ಲಿ ಕೂತು ಆ ಬತ್ತಿ ಅಳೆದು ಕತ್ತರಿಸಿ ಕೊಡುವವಳು ನಾನು. ಏಳನೇ ತರಗತಿವರೆಗೆ ಓದಿದ್ದೆನೆಂದು ಮೇಜು ಕುರ್ಚಿ ಕೊಟ್ಟಿದ್ದರು. ಇಡೀ ಗಣಿಯಲ್ಲಿ ಕುರ್ಚಿಯಿದ್ದ ಹೆಂಗಸು ನಾನೊಬ್ಬಳೇ. ಅಪ್ಪ ಬತ್ತಿ ಕೇಳಲು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ ಮೇಷ್ಟ್ರೇ?" ಅನ್ನುತ್ತಿದ್ದರು.

ಹಿಂದೆಲ್ಲ ಒಂದೇ ಅಳತೆ. ನಾಲ್ಕು ಕುಳಿ, ಬತ್ತಿ ಹತ್ತತ್ತು ಅಡಿ. ಬಂಡೆ ಕರಗುತ್ತ ಕೆಲಸ ಒಳಗೆ ಹೋಯಿತು, ಮರೆಗೋಡೆ ದೂರವಾಯಿತು. ಆಗ ಎಂಜಿನಿಯರ್ ಒಂದು ಚೀಟಿ ತಂದು ಗೋಡೆಗೆ ಅಂಟಿಸಿದರು. ಬತ್ತಿಯ ಉದ್ದ 2(x + 3) ಅಡಿ. "ಎಕ್ಸ್ ಅಂದ್ರೆ ಎಷ್ಟು ಕುಳಿ ಅಂತ. ಆ ಸಂಖ್ಯೆ ಅಲ್ಲಿ ಹಾಕಿ, ಲೆಕ್ಕ ಮಾಡಿ, ಅಷ್ಟುದ್ದ ಕತ್ತರಿಸಿ. ಅರ್ಥ ಆಯ್ತಾ?" ಅಂದರು. ಆಯ್ತು ಅಂದೆ. ಹೊರಗೆ ಅವರ ಜೀಪು ಆರಿಸದೆ ನಿಂತಿತ್ತು. ಆ ಎರಡು ಕಮಾನುಗಳು ಯಾಕಿವೆ ಎಂದು ಕೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಗೊತ್ತಿಲ್ಲ ಎಂದು ತೋರಿಸಿಕೊಂಡರೆ ಕುರ್ಚಿ ಹೋಗುತ್ತದೆ ಅನ್ನಿಸಿತು. ಅಂದವಾಗಿ ಕಾಣಲಿ ಎಂದು ಹಾಕಿದ ಗೆರೆಗಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ನಾಲ್ಕು ಕುಳಿ. ಎರಡು ನಾಲ್ಕಲೆ ಎಂಟು, ಮೂರು ಕೂಡಿಸಿದರೆ ಹನ್ನೊಂದು. ಹನ್ನೊಂದಡಿಯ ನಾಲ್ಕು ಬತ್ತಿ ಕತ್ತರಿಸಿಟ್ಟೆ.

ಅಪ್ಪ ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಒಂದೇ ಅಡಿ ಜಾಸ್ತಿನಾ? ದಾರಿ ಹೆಚ್ಚುಕಮ್ಮಿ ಮೂರರಷ್ಟಾಗಿದೆ ಕಣೇ," ಅಂದರು.

"ಹೊಸ ಲೆಕ್ಕ ಹೇಳೋದೇ ಹಂಗೆ. ನನಗೆ ಲೆಕ್ಕ ಬರಲ್ವಾ?" ಅಂದೆ.

"ಬರುತ್ತೆ ಬಿಡಮ್ಮ," ಅಂದು ಬತ್ತಿಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದುಹೋದರು. ನಿನಗೆ ಆಗ ಎರಡು ವರ್ಷ. ನೀನು ಮನೆಯಲ್ಲಿ ಅಜ್ಜಿಯ ಹತ್ತಿರ ಇದ್ದೆ.

ಒಂದಡಿ ಬತ್ತಿ ಉರಿಯಲು ನಲವತ್ತು ಸೆಕೆಂಡು. ಸರಿಯಾದ ಲೆಕ್ಕ ಹದಿನಾಲ್ಕು ಅಡಿ. ಮೂರಡಿ ಕಡಿಮೆ, ಅಂದರೆ ಎರಡು ನಿಮಿಷ. ನಾಲ್ಕು ಕುಳಿಗೂ ಬೆಂಕಿ ಕೊಟ್ಟು ಮುಗಿಸುವಷ್ಟರಲ್ಲಿ ಮೊದಲ ಬತ್ತಿ ಎಂಟಡಿ ಉರಿದಿರುತ್ತದೆ, ಅಲ್ಲಿಂದ ಮರೆಗೋಡೆಗೆ ನಾಲ್ಕು ನಿಮಿಷದ ನಡಿಗೆ. ಮೊದಲ ಕುಳಿ ಸಿಡಿದಾಗ ಅವರು ಸರಿಯಾಗಿ ಅರ್ಧ ದಾರಿಯಲ್ಲಿದ್ದರು. ಓಡಲಿಲ್ಲ. ಮದ್ದಿಗೆ ಬೆಂಕಿ ಕೊಟ್ಟವನು ಓಡಬಾರದು, ಎಡವಿ ಬೀಳುತ್ತಾನೆ ಎನ್ನುವುದು ಅವರ ಕೆಲಸದ ಕಟ್ಟಳೆ. ಜೊತೆಗೆ, ಸಮಯ ಇದೆ ಎಂದು ನಾನು ಹೇಳಿದ್ದೆನಲ್ಲ.

ಎಂಜಿನಿಯರ್ ಬಂದವರೇ ಕೇಳಿದ್ದು "ನಾಲ್ಕು ಕುಳಿಗೆ ಹದಿನಾಲ್ಕು ಅಡಿ ಕೊಟ್ಟಿದ್ರಿ ತಾನೇ?" ಎಂದು. ಹದಿನಾಲ್ಕು ಎಂದು ಕಿವಿಗೆ ಬಿದ್ದ ಗಳಿಗೆಯಲ್ಲೇ ಆ ಎರಡು ಕಮಾನುಗಳು ಯಾಕಿದ್ದವು ಎಂದು ನನಗೆ ತಿಳಿಯಿತು. ಹೌದು ಅಂದೆ. ಸುರುಳಿಯಲ್ಲಿ ಉಳಿದ ಬತ್ತಿಯನ್ನು ಆಮೇಲೆ ಅಳೆಯುತ್ತೇನೆ ಎಂದು ಹೇಳಿ ಅವರು ಕೆಳಗಿಳಿದರು. ಕೋಣೆಯಲ್ಲಿ ನಾನೊಬ್ಬಳೇ. ಒಂದೊಂದು ಬತ್ತಿಗೆ ಮೂರಡಿಯಂತೆ ನಾಲ್ಕಕ್ಕೆ ಹನ್ನೆರಡು. ಹನ್ನೆರಡಡಿ ಅಳೆದು, ಕತ್ತರಿಸಿ, ಊಟದ ಚೀಲದೊಳಗೆ ಸುತ್ತಿಟ್ಟುಕೊಂಡೆ. ಕೆಳಗೆ ನಿನ್ನ ಅಪ್ಪನ ಮೇಲೆ ಇನ್ನೂ ಗೋಣಿತಾಟು ಹೊದಿಸುತ್ತಿದ್ದರು. ಆ ಸಲದ ಲೆಕ್ಕ ಮಾತ್ರ ಒಂದಂಗುಲ ತಪ್ಪಲಿಲ್ಲ ನೋಡು.

ಸುರುಳಿ ಅಳೆದರು, ಸರಿಹೋಯಿತು. ಹಾಗಾದರೆ ಮನುಷ್ಯ ಯಾಕೆ ಅಷ್ಟು ನಿಧಾನ ನಡೆದ ಎಂಬ ಪ್ರಶ್ನೆ ಎದ್ದಿತು. ಬೆಳಿಗ್ಗೆ ಕುಡಿದಿದ್ದನಾ ಎಂದು ನನ್ನನ್ನು ಕೇಳಿದರು. ನಾನು ಮಾತಾಡದೆ ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯನ್ನು ಅವರು ಹೌದು ಎಂದು ಬರೆದುಕೊಂಡರು. ನಿನ್ನ ಅಪ್ಪ ಹಬೆಯಾಡುವ ಕಾಫಿಗಿಂತ ಜೋರಾದದ್ದನ್ನು ಕುಡಿದವರಲ್ಲ. ಶಾಲೆಯಲ್ಲಿ ನಿನ್ನನ್ನು ಕುಡುಕನ ಮಗಳು ಎನ್ನುತ್ತಾರೆಂದು ಹೋದ ವರ್ಷ ನೀನು ಬರೆದಿದ್ದೆ. ಯಾರು ಏನಾದರೂ ಅನ್ನಲಿ, ನೀನು ಓದಿಕೋ ಎಂದು ಉತ್ತರ ಬರೆದಿದ್ದೆನಲ್ಲ, ಆ ಕಾಗದವನ್ನು ಹರಿದುಬಿಡು.

ಆರು ತಿಂಗಳಿಗೆ ನಿನ್ನನ್ನು ಅಜ್ಜಿಯ ಹತ್ತಿರ ಇರಿಸಿ ಊರು ಬಿಟ್ಟೆ. ಇಲ್ಲಿಗೆ ಬಂದ ಮೇಲೆ ಹಳೆಯ ಪುಸ್ತಕದಂಗಡಿಯಲ್ಲಿ ಎಂಟನೇ ತರಗತಿಯ ಗಣಿತ ಕೊಂಡೆ. ಬೀಜಗಣಿತದ ಪಾಠದ ಪ್ರತಿ ಲೆಕ್ಕ ಮಾಡಿದ್ದೇನೆ, ಎಷ್ಟು ಸಲ ಎಂದು ಹೇಳಲಾರೆ. ಒಂದು ಸಂಗತಿ ಕಂಡುಕೊಂಡೆ. ಎಕ್ಸ್ ಒಂದಾಗಲಿ ನೂರಾಗಲಿ, ನನ್ನ ತಪ್ಪಿನಲ್ಲಿ ಕಡಿಮೆಯಾಗುವುದು ಆ ಮೂರಡಿಯೇ. ಅವತ್ತು ಕುಳಿಗಳು ಎರಡೇ ಇದ್ದಿದ್ದರೆ ಬದುಕುತ್ತಿದ್ದರೇನೋ ಎಂದುಕೊಳ್ಳಲಿಕ್ಕೂ ಲೆಕ್ಕ ಬಿಡುವುದಿಲ್ಲ.

ಹಾಗಾಗಿ ಮೊಂಡಿ, ಅರ್ಥವಾಗದಿದ್ದರೆ ಕೈ ಎತ್ತಿ ಕೇಳು. ಇಡೀ ತರಗತಿ ನಗಲಿ. ಟೀಚರ್ ಸಿಡುಕಲಿ. ಇನ್ನೊಮ್ಮೆ ಕೇಳು. ತಪ್ಪಾದ ಲೆಕ್ಕಗಳನ್ನು ಹಿಂದಿನ ಹಾಳೆಯಲ್ಲಿ ಬಿಡಿಸಿದ್ದೇನೆ, ಮುಚ್ಚಿಟ್ಟು ನೀನೇ ಮಾಡಿ ಆಮೇಲೆ ಹೋಲಿಸಿ ನೋಡು.

ಇನ್ನು ಮುಂದೆ ನನಗೆ ಕಾಗದ ಬರೆಯುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನ
ಅಮ್ಮ

ಮರೆತೆ ಎಂದು ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ಅಜ್ಜಿ ಬಾಗಿಲು ಹಾಕಿಕೊಂಡು ನನ್ನನ್ನು ಕೇಳಿದರು, "ನಿಜವಾಗ್ಲೂ ಕುಡಿದಿದ್ನಾ? ನೀನು ಹೇಳಿದ್ರೆ ನಂಬ್ತೀನಿ." ನಾನು ಬಾಯಿಬಿಟ್ಟು ಹೌದು ಅಂದೆ. ಅವತ್ತಿನಿಂದ ಅವರು ಮಗನ ಹೆಸರೆತ್ತಿಲ್ಲ. ಅವರಿಗೆ ಓದಲು ಬರುವುದಿಲ್ಲ, ಈ ಕಾಗದವನ್ನು ನೀನೇ ಓದಿ ಹೇಳಬೇಕು. ಕೈಸೇರಿದ ದಿನವೇ, ಹೊತ್ತು ಮುಳುಗುವ ಮೊದಲು ಓದು, ಅವರ ಪಕ್ಕದಲ್ಲಿ ಕೂತು ಓದು. ಈ ಸಾಲುಗಳನ್ನೂ ಬಿಡಬೇಡ.